ಬಲ್ಲವರಿಲ್ಲದ ಕಡಲ ದಂಡೆ

ನನಗೆ ಮಾತನಾಡಲು ನಾಚಿಕೆ. ಮೊಮ್ಮಕ್ಕಳಾದ ನಿಮ್ಮ ಮುಂದೆ ಇದನ್ನು ಬಾಯಲ್ಲಿ ಹೇಳಲೂ ನಾಚಿಕೆಯಾಗಿ ಬರೆಯುತ್ತಿದ್ದೇನೆ. ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಾಗ ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. ಅವರು ಹೋದ ಮೇಲೆ ಒಮ್ಮೆ ಸುರಪುರದಿಂದ ಬಸ್ಸು ಹತ್ತಿದವಳು, ಶಹಾಪುರದಲ್ಲಿ ಇಳಿಯಬೇಕು, ಸ್ವಲ್ಪ ದಾರಿ ಬಿಡಿ ಎನ್ನಲಾಗದೆ ಯಾದಗಿರಿ ನೋಡಿಕೊಂಡು ಬಂದೆ. ಈ ಗುಣ ನನ್ನ ಜೊತೆಗೇ ಮುಗಿಯಲಿ ಎಂದುಕೊಂಡಿದ್ದೆ. ಆದರೆ ಅದು ನನ್ನ ಮೂಗಿನ ಸಮೇತ ನಿಮ್ಮ ಅಂಬಿಕಾ ಅಕ್ಕನಿಗೆ ಇಳಿದಿದೆ.

ಅಂಬಿಕಾ ಕಲಬುರಗಿಯಲ್ಲಿ ಪ್ರವಾಸೋದ್ಯಮ ಓದುತ್ತಾಳಲ್ಲ, ಅದರಲ್ಲಿ ಸ್ಪ್ಯಾನಿಷ್ ಭಾಷೆಯೂ ಒಂದು ವಿಷಯ. ಬರೆಯುವುದರಲ್ಲಿ ಅವಳೇ ಮುಂದು. ಆದರೆ ಫೋನಿನಲ್ಲಿ ಮುಖ ನೋಡಿಕೊಂಡು ಅರ್ಧ ತಾಸು ಮಾತನಾಡುವ ಪರೀಕ್ಷೆಯಲ್ಲಿ ಒಮ್ಮೆ ಬಾಯಿ ಬಿಡದೆ ಕೂತು ಫೇಲಾಗಿದ್ದಳು. ಮತ್ತೆ ಫೇಲಾದರೆ ವರ್ಷವೇ ಹೋಗುತ್ತಿತ್ತು. ರಜೆಗೆ ಮನೆಗೆ ಬಂದವಳು, ಪರದೇಶದವರು ಓಡಾಡುವ ಒಂದು ಶಾಂತ ಕಡಲ ದಂಡೆಗೆ ಹೋಗಿ ನಾಲ್ಕು ದಿನ ಮಾತಾಡಿ ಬರೋಣ ಎಂದಳು. ಜೊತೆಗೆ ನಾನು. ಅವಳ ಷರತ್ತು ಒಂದೇ: “ಆಯಿ, ನಮ್ಮನ್ನ ಬಲ್ಲವ್ರು ಅಲ್ಲಿ ಒಬ್ರೂ ಇರಬಾರ್ದು ನೋಡು. ಇದ್ರ ನನ್ನ ಬಾಯೇ ಬರಂಗಿಲ್ಲ.”

ತಪ್ಪು ಮಾಡಿದವಳು ನಾನೇ. ಸಮುದ್ರವನ್ನೇ ಕಾಣದ ನನಗೆ ಯಾವ ದಂಡೆ ಖಾಲಿ ಇರುತ್ತದೆಂದು ಹೇಗೆ ಗೊತ್ತು? ಪಕ್ಕದ ಮನೆಯ ಶರಣಮ್ಮನನ್ನು ಕೇಳಿದೆ. ಗೋವಾ ಎಂಬ ಮಾತು ನನ್ನ ಬಾಯಿಂದ ಪೂರ್ತಿ ಹೊರಬಿದ್ದಿರಲಿಲ್ಲ. “ನಮ್ಮ ತಂಗಿ ಮಗ ಅಲ್ಲೇ ಗೌಂಡಿ ಕೆಲಸ ಮಾಡಾಕತ್ಯಾನ್ರಿ. ಅವನ ಮನಿಗಿ ಹೋಗದ ಬಂದ್ರ ನಾ ನಿಮ್ಮ ಹೊಸ್ತಿಲ ತುಳಿಯಂಗಿಲ್ಲ” ಎಂದಳು. ಹೋಗಲಿ ಎಂದು ಮಲ್ಪೆ ಎಂದೆವು. ಅಲ್ಲಿ ಕೃಷ್ಣೆಯ ದಂಡೆಯಿಂದ ಹೋದ ನಮ್ಮ ದೂರದ ನೆಂಟ ಮೀನಿನ ದೋಣಿಯ ಮೇಲಿದ್ದ. ಕಾರವಾರದಲ್ಲಿ ಕೊಂಕಲ್ ಹಳ್ಳಿಯ ಬೀಗರು ರಸ್ತೆ ಕೆಲಸಕ್ಕೆ ಬಿಡಾರ ಹೂಡಿದ್ದರು. ಭೂಮಿ ಎಲ್ಲಿ ಮುಗಿಯುತ್ತದೋ ಅಲ್ಲಿ ನಮ್ಮವನೊಬ್ಬ ಇಟ್ಟಿಗೆ ಹಿಡಿದುಕೊಂಡು ನಿಂತಿರುತ್ತಾನೆ ಎಂದು ನನಗೆ ಅಂದೇ ತಿಳಿದದ್ದು. ನಮ್ಮವರಿದ್ದ ಊರಿಗೆ ಹೋಗಿ ಅವರ ಮನೆಯಲ್ಲಿ ಉಣ್ಣದೆ ಬಂದರೆ ನಮ್ಮ ಕಡೆ ಅದು ಮೂರು ತಲೆಮಾರಿನ ಮುನಿಸು. ಮರುದಿನದಿಂದ, ಅಲ್ಲಿರುವ ನಮ್ಮವರಿಗೆ ಮುಟ್ಟಿಸಿ ಎಂದು ಗಂಟುಗಳು ಬರತೊಡಗಿದವು. ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಬಾಣಂತಿಗೆ ಹೊದೆಯಲು ಕೌದಿ, ಒಂದು ಕುಕ್ಕರು. ಎಲ್ಲವೂ ಬೇರೆ ಬೇರೆ ಸಮುದ್ರಗಳಿಗೆ. ತಾಲ್ಲೂಕು ಕಚೇರಿಯಿಂದ ಬಂದ ನನ್ನ ಮಗ ಗಂಟುಗಳನ್ನು ದಾಟಿ ಒಳಗೆ ಬರುತ್ತ, “ಯವ್ವಾ, ಇದು ಪ್ರವಾಸ ಅಲ್ಲ, ಟಪಾಲ್ ಗಾಡಿ” ಎಂದ.

ಅಂಬಿಕಾ ಪುಸ್ತಕ ಮುಚ್ಚಿಟ್ಟಳು. ಪರೀಕ್ಷೆಗೆ ಐದು ದಿನ ಉಳಿದಿತ್ತು. ಪ್ರವಾಸ ರದ್ದಾಯಿತೆಂದು ಗಂಟುಗಳನ್ನೆಲ್ಲ ವಾಪಸು ಕೊಟ್ಟು, ಮರುದಿನ ಯಾರಿಗೂ ಹೇಳದೆ ಅವಳನ್ನು ನಮ್ಮೂರ ಹತ್ತಿರದ ಬೋನಾಳದ ಕೆರೆಗೆ ಕರೆದುಕೊಂಡು ಹೋದೆ. ನೀರಿದೆ, ದಂಡೆಯಿದೆ, ಪರದೇಶದಿಂದ ಬಂದ ಹಕ್ಕಿಗಳೂ ಇವೆ. ಅಲೆಗಳನ್ನಷ್ಟೇ ನಾವು ಕಲ್ಪಿಸಿಕೊಳ್ಳಬೇಕು.

ಹಕ್ಕಿಗಳ ಮುಂದೆಯೂ ಅವಳ ಬಾಯಿ ಬರಲಿಲ್ಲ. ತೆರೆದಳು, ಮುಚ್ಚಿದಳು. ಅವಳು ಒಳಗೆ ಪಾಠ ಓದುವಾಗ ನಾನು ಹೊರಗೆ ಜೋಳ ಹಸನು ಮಾಡುತ್ತ ಕೇಳಿಸಿಕೊಂಡ ಆರೇಳು ಮಾತುಗಳು ನನ್ನಲ್ಲಿದ್ದವು. ಸೆರಗು ಎಳೆದುಕೊಂಡು ಕೆರೆಯನ್ನು ನೋಡುತ್ತ, “ಬ್ವೆನೊಸ್ ದಿಯಾಸ್, ಕೊಮೊ ಎಸ್ತಾಸ್?” ಎಂದೆ. ನಮಸ್ಕಾರ, ಹೇಗಿದ್ದೀ ಎಂದು ಅರ್ಥವಂತೆ. ಆಶ್ಚರ್ಯವೆಂದರೆ ನಾಚಿಕೆಯಾಗಲಿಲ್ಲ. ಕನ್ನಡದಲ್ಲಿ ಯಾರನ್ನಾದರೂ ಹೇಗಿದ್ದೀ ಎನ್ನಬೇಕಾದರೆ ಅವರು ಭಾವನೋ, ಬೀಗರೋ, ಸೆರಗು ಹೊದೆಯಬೇಕೋ ಬೇಡವೋ ಎಂದು ಮೊದಲು ಲೆಕ್ಕ ಹಾಕಬೇಕು. ಆ ಭಾಷೆಯಲ್ಲಿ ನಾನು ಯಾರ ಮನೆಯ ಸೊಸೆಯೂ ಅಲ್ಲ. ಅಂಬಿಕಾ ಬಿದ್ದು ಬಿದ್ದು ನಕ್ಕಳು. “ಹಂಗಲ್ಲ ಆಯಿ” ಎಂದು ನನ್ನನ್ನು ತಿದ್ದಲು ಶುರುಮಾಡಿದವಳು ಹೊತ್ತು ಮುಳುಗುವ ತನಕ ಮಾತಾಡಿದಳು. ಉಳಿದ ಮೂರು ದಿನವೂ ಅಷ್ಟೇ. ನಾನು ಎಲ್ಲದಕ್ಕೂ “ಸಿ, ಸಿ” ಎಂದು ಹೂಂಗುಟ್ಟಿದೆ.

ಪರೀಕ್ಷೆಯ ದಿನ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ಅವಳು ಕೂತಳು. ನಾನು ಬಾಗಿಲ ಹಿಂದೆ. ರಜೆಯಲ್ಲಿ ಏನು ಮಾಡಿದೆ ಎಂದು ಮೇಡಂ ಕೇಳಿದರಂತೆ. ಅವಳು ಹೇಳುತ್ತಲೇ ಹೋದಳು. ಸಮುದ್ರ ಎಂಬ ಮಾತು ಬಂತು, ಅಜ್ಜಿ ಎಂಬ ಮಾತು ಬಂತು, ಮೇಡಂ ಜೋರಾಗಿ ನಕ್ಕದ್ದೂ ಕೇಳಿಸಿತು. ಆಮೇಲೆ ಅಂಬಿಕಾ ನನ್ನ ಕಡೆ ತಿರುಗಿ, “ಆಯಿ, ಮೇಡಮ್ಮಾರು ನಿನ್ನ ಕರ್ಯಾಕತ್ತಾರ” ಎಂದಳು. ಕೆರೆಯ ದಂಡೆಯಲ್ಲಿ ಅಷ್ಟು ಧೈರ್ಯ ತೋರಿಸಿದ ನಾನು ಒಂದೇ ನೆಗೆತಕ್ಕೆ ಜೋಳದ ಚೀಲಗಳ ಹಿಂದೆ ಕೂತೆ.

ಅಂಬಿಕಾ ಪಾಸಾದಳು. ಒಳ್ಳೆಯ ಅಂಕವೇ ಬಂತು. ಅವಳು ಮೇಡಂಗೆ ಹೇಳಿದ್ದೇನೆಂದರೆ, ನಮ್ಮಜ್ಜಿ ದಿನವೂ ಸಮುದ್ರದಲ್ಲಿ ಈಜುತ್ತಿದ್ದಳು ಎಂದು. ಅಜ್ಜಿ ಈಗ ಎಲ್ಲಿ ಎಂದು ಅವರು ಮತ್ತೆ ಕೇಳಿದಾಗ, ಒಂದು ಕ್ಷಣವೂ ತಡವರಿಸದೆ ಸ್ಪ್ಯಾನಿಷಿನಲ್ಲೇ ಉತ್ತರ ಕೊಟ್ಟಳಂತೆ: ಇನ್ನೂ ನೀರಿನಿಂದ ಮೇಲೆ ಬಂದಿಲ್ಲ.