ಅರವತ್ತನಾಲ್ಕು ಮನೆಯ ಮಹಾಸಮರ

ಊರಿನ ಯಾವ ಬಾಗಿಲನ್ನು ಬೇಕಾದರೂ ತೆರೆಯಬಲ್ಲವನಿಗೆ ಎರಡು ದಿನದ ಮಟ್ಟಿಗೆ ಒಂದೇ ಒಂದು ಬಾಗಿಲು ತೆರೆಯುವುದಿಲ್ಲ ಎಂದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ? ಬೀಗದಣ್ಣನ ಗೋಳು ಇದೇ. ಬೀಗ ರಿಪೇರಿ ಅವನ ಕಸುಬು, ಚದುರಂಗ ಅವನ ಹುಚ್ಚು. ಊರಿನ ಚದುರಂಗ ಸಂಘಕ್ಕೆ ಅವನೇ ಕಾರ್ಯದರ್ಶಿ (ಬೇರೆ ಯಾರೂ ಒಪ್ಪಲಿಲ್ಲ ಎಂಬುದು ಬೇರೆ ಮಾತು). ಬರುವ ಶನಿವಾರ, ಭಾನುವಾರ ಸಂಘದ ಮೊಟ್ಟಮೊದಲ ಪಂದ್ಯಾವಳಿ. ಆಟಗಾರರು ಸಿದ್ಧ, ಬಹುಮಾನದ ಕಪ್ ಸಿದ್ಧ, ಕೂರುವುದಕ್ಕೆ ಜಾಗ ಮಾತ್ರ ಇಲ್ಲ.

ಸಂಘದ ಅಧ್ಯಕ್ಷರಾದ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು. "ಗುರುವಾರದೊಳಗೆ ಜಾಗ ಗೊತ್ತಾಗ್ಬೇಕು ಬೀಗದಣ್ಣ. ಇಲ್ಲಾಂದ್ರೆ ಪಂದ್ಯ ಇಲ್ಲ ಅಂತ ಹೊರಗಿನ ಊರಿನೋರಿಗೆಲ್ಲ ಹೇಳ್ಬಿಡ್ತೀನಿ. ಆಮೇಲೆ ಸಂಘಾನೂ ಮುಚ್ಚೋಣ. ಬೀಗ ಹೇಗೂ ನಿಮ್ಮ ಹತ್ರಾನೇ ಇದೆ."

ಈ ಮಾತು ಹೊತ್ತುಕೊಂಡು ಅವನು ಮನೆಗೆ ಬಂದಾಗ ಹೆಂಡತಿ ಹೋಟೆಲಿನ ಮೇಜುಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಆ ಮನೆಯಲ್ಲಿ ಸ್ತ್ರೀ ಇಸ್ತ್ರಿ ಹಿಡಿದಿರುವಾಗ ಎದುರು ಮಾತಾಡುವುದು ಅಪಾಯ. ಆದರೂ ಕಾರ್ಯದರ್ಶಿಯ ಸಂಕಟ ತಡೆಯಬೇಕಲ್ಲ.

"ಜಾಗ ಅಂದ್ರೆ ಸುಮ್ನೆ ಅಲ್ಲ ಕಣೇ. ಗಾಳಿ ಬೇಕು, ಬೆಳಕು ಬೇಕು, ಬಸ್ ಸ್ಟ್ಯಾಂಡಿಗೆ ಹತ್ರ ಇರ್ಬೇಕು, ಗದ್ದಲ ಇರ್ಬಾರ್ದು..."

"ಅಮ್ಮನ ಮನೆ ಹಾಲ್ ಇದ್ಯಲ್ಲ. ಬಸ್ ಸ್ಟ್ಯಾಂಡ್ ಎದುರಿಗೇ. ಅಪ್ಪ ಟೈಪಿಂಗ್ ಕ್ಲಾಸ್ ನಡೆಸ್ತಿದ್ದಾಗಿನ ಮೇಜು, ಕುರ್ಚಿ ಎಲ್ಲಾ ಹಾಗೇ ಇವೆ."

ಹಾಲ್ ಎಂದದ್ದೇ ತಡ, ಬೀಗದಣ್ಣ ಹಾಲಿನಂತೆಯೇ ಉಕ್ಕಿದ. "ಆ ಮನೆ ಸುದ್ದಿ ಎತ್ತಬೇಡ!"

"ಬಚ್ಚಲೂ ಅನುಕೂಲವಾಗಿದೆ," ಎಂದಳು ಹೆಂಡತಿ, ತಲೆ ಎತ್ತದೆ.

"ಬಚ್ಚಲಿನ ಸುದ್ದಿಯಂತೂ ಎತ್ತಲೇಬೇಡ!"

ಇದಕ್ಕೊಂದು ಹಿನ್ನೆಲೆ ಇದೆ. ಮೂರು ವರ್ಷದ ಹಿಂದೆ ಬೀಗದಣ್ಣ ತನ್ನ ಸ್ವಂತ ಬುದ್ಧಿಯಿಂದ ಒಂದು ಅದ್ಭುತ ಬೀಗ ತಯಾರಿಸಿದ. ಬಾಗಿಲು ಮುಚ್ಚಿದರೆ ಸಾಕು, ತಾನೇ ಬಿದ್ದುಕೊಳ್ಳುವ ಬೀಗ. ಪ್ರಯೋಗಕ್ಕೆಂದು ಅದನ್ನು ಅತ್ತೆಯ ಮನೆಯ ಬಚ್ಚಲಿಗೆ ಕೂರಿಸಿ ಬಂದ. ಬೀಗ ಬಿದ್ದುಕೊಂಡಿತು, ಏಳಲಿಲ್ಲ. ಅತ್ತೆ ಬೆಳಗಿನ ಸ್ನಾನಕ್ಕೆ ಹೋದವರು ಮಧ್ಯಾಹ್ನದವರೆಗೆ ಒಳಗೇ ಇದ್ದರು. ಕೊನೆಗೆ ಅಳಿಯನೇ ಬಂದು ಬಾಗಿಲು ಬಿಚ್ಚಿದ. ಬಿಚ್ಚಿದವನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. "ನೋಡಿದ್ರಾ ಅತ್ತೆ, ಎಷ್ಟು ಗಟ್ಟಿ ಬೀಗ!" ಎಂದುಬಿಟ್ಟ. ಅಂದಿನಿಂದ ಅವರು ಕರೆಯಲಿಲ್ಲ, ಇವನು ಹೋಗಲಿಲ್ಲ. ಬೀಗದಿಂದಲೇ ಬೀಗತನ ಕೆಟ್ಟಿತು. ಹೆಂಡತಿ ಮಾತ್ರ ಒಬ್ಬಳೇ ಹೋಗಿ ಬರುತ್ತಿದ್ದಳು.

ಹಾಗಾಗಿ ಅಂಗಡಿಗೆ ಬೀಗ ಜಡಿದು ಬೀಗದಣ್ಣ ಊರೆಲ್ಲ ಸುತ್ತಿದ. ಶಾಲೆಯವರು ಜಾಗ ಕೊಟ್ಟರು, ಆದರೆ ಒಂದನೇ ತರಗತಿಯ ಕೋಣೆ. ಬೆಂಚಿನ ಮೇಲೆ ಕೂತು ನೋಡಿದರೆ ಮಂಡಿ ಗದ್ದಕ್ಕೆ ತಗಲಿತು. ಎದ್ದಾಗ ಬೆಂಚೂ ಜೊತೆಗೇ ಎದ್ದಿತು. ಗ್ರಂಥಾಲಯದವರು ಒಪ್ಪಿದರು, ಆದರೆ ಯಾರೂ "ಚೆಕ್" ಎಂದು ಬಾಯಿಬಿಡಕೂಡದಂತೆ, ಚೀಟಿ ಬರೆದು ಕೊಡಬೇಕಂತೆ. ಹಿಟ್ಟಿನ ಗಿರಣಿಯ ಮಹಡಿ ವಿಶಾಲವಾಗಿತ್ತು. ಬೀಗದಣ್ಣ ಸಂತೋಷದಿಂದ ಹಲಗೆ ಬಿಡಿಸಿ ಕಾಯಿ ಜೋಡಿಸಿದ. ಅಷ್ಟರಲ್ಲಿ ಕೆಳಗೆ ಗಿರಣಿ ಶುರುವಾಯಿತು. ಕಾಲಾಳುಗಳು ಯಾರ ಅಪ್ಪಣೆಗೂ ಕಾಯದೆ ತಾವೇ ಮುಂದೆ ನಡೆದವು. ಆನೆ ಹಿಂದೆ ಹಿಂದೆ ಸರಿದು ಹಲಗೆಯಿಂದ ಉರುಳಿತು. ರಾಜ ನಿಂತಲ್ಲೇ ನಡುಗಿದ.

"ಹೆಂಗಿದೆ ಜಾಗ?" ಎಂದು ಗಿರಣಿಯವನು ಕೆಳಗಿನಿಂದ ಕೂಗಿದ.

"ಕಾಯಿಗಳು ತುಂಬಾ ಚೆನ್ನಾಗಿ ಆಡ್ತಿವೆ, ನಮಗೆ ಕೆಲಸ ಇಲ್ಲ!" ಎಂದು ಕೂಗಿ ಬೀಗದಣ್ಣ ಇಳಿದು ಬಂದ.

ಇಷ್ಟಾದರೂ ಅವನಿಗೆ ಆಸೆ ಬತ್ತಿರಲಿಲ್ಲ. ಬುಧವಾರ ಸಾಯಂಕಾಲ ಬೋರ್ಡು ಬರೆಯುವ ಪೇಂಟರನ ಹತ್ತಿರ ಹೋಗಿ ಎದೆಯುಬ್ಬಿಸಿ ಹೇಳಿದ: "ಬರ್ಕೋ. ಅರವತ್ತನಾಲ್ಕು ಮನೆಯಲ್ಲಿ ಮಹಾಸಮರ! ಚದುರಂಗ ಪಂದ್ಯಾವಳಿ. ಸ್ಥಳ ಆಮೇಲೆ ಹೇಳ್ತೀನಿ." ಚದುರಂಗದ ಹಲಗೆಯ ಮೇಲೆ ಅರವತ್ತನಾಲ್ಕು ಮನೆ. ಇದು ಆಡುವವರಿಗೆಲ್ಲ ಗೊತ್ತು. ಪೇಂಟರು ಆಡುವವನಲ್ಲ.

ಗುರುವಾರ ಬೆಳಿಗ್ಗೆ ಬೀಗದಣ್ಣ ಬಸ್ ಸ್ಟ್ಯಾಂಡಿಗೆ ಬಂದಾಗ ಪೇಂಟರು ಆಗಲೇ ಗೋಡೆಯ ಮೇಲೆ ಬರೆದು ಮುಗಿಸಿದ್ದ. ಕೆಂಪು ಅಕ್ಷರ ಫಳಫಳ ಹೊಳೆಯುತ್ತಿತ್ತು. "ಮಹಾಸಮರ! ಚದುರಂಗ ಪಂದ್ಯಾವಳಿ. ಸ್ಥಳ: 64ನೇ ನಂಬರ್ ಮನೆ, ಬಸ್ ಸ್ಟ್ಯಾಂಡ್ ಎದುರು."

ಅದು ಅತ್ತೆಯ ಮನೆ!

"ಅಯ್ಯೋ ಪುಣ್ಯಾತ್ಮ, ಏನು ಬರೆದ್ಯೋ ಇದು!"

"ನೀವೇ ಅಲ್ವಾ ಅಣ್ಣ ಹೇಳಿದ್ದು, ಅರವತ್ತನಾಲ್ಕು ಮನೇಲಿ ಸಮರ ಅಂತ?" ಪೇಂಟರು ಬ್ರಷ್ಷು ಒರೆಸುತ್ತ ಹೇಳಿದ. "ಅದು ನಿಮ್ಮ ಅತ್ತೆ ಮನೆ ನಂಬರು. ನಿಮಗೂ ಅವರಿಗೂ ಜಗಳ ಇರೋದು ಊರಿಗೇ ಗೊತ್ತು. ಸ್ಥಳ ಹೇಳೋಕೆ ನೀವು ಮತ್ತೆ ಬರ್ಲಿಲ್ಲ, ಸಮರ ಅಂದ್ರೆ ಅಲ್ಲೇ ಇರ್ಬೇಕು ಅನ್ಕೊಂಡೆ."

"ಅಳಿಸು, ಈಗಲೇ ಅಳಿಸು!"

ಅಷ್ಟರಲ್ಲಿ ಹಿಂದಿನಿಂದ ಮೇಷ್ಟ್ರು ಬೆನ್ನು ತಟ್ಟಿದರು. "ಭೇಷ್ ಬೀಗದಣ್ಣ! ಇದಕ್ಕಿಂತ ಅನುಕೂಲದ ಜಾಗ ಊರಲ್ಲೇ ಇಲ್ಲ. ಹೊರಗಿನೋರಿಗೆಲ್ಲ ಫೋನ್ ಮಾಡಿ ಹೇಳಿ ಆಯ್ತು."

ಬೀಗದಣ್ಣ ಮನೆಗೆ ಓಡಿದ. ಕಥೆ ಕೇಳಿದ ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟು ಚಪ್ಪಲಿ ಮೆಟ್ಟಿದಳು.

"ನೀನು ಬಂದು ಅಮ್ಮನಿಗೆ ಹೇಳ್ತೀಯಾ?"

"ಹೇಳೋದು ನೀವು. ನಾನು ನೋಡೋಕೆ ಬರ್ತಿದ್ದೀನಿ."

ಅತ್ತೆ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಬನ್ನಿ ಅಳಿಯಂದ್ರೇ. ನನ್ನ ಮನೇಲಿ ಯುದ್ಧ ಅಂತ ಗೋಡೆ ನೋಡಿ ಗೊತ್ತಾಯ್ತು. ಶತ್ರು ಯಾರು, ನಾನೇನಾ?"

"ಅಲ್ಲ ಅತ್ತೆ, ಅದು ಹಲಗೆ ಮೇಲಿನ ಮನೆ. ಅರವತ್ತನಾಲ್ಕು ಇರುತ್ತೆ..."

"ಅರವತ್ತನಾಲ್ಕು ಮನೆ ಇಟ್ಕೊಂಡಿರೋ ಯಜಮಾನರು ನನ್ನ ಒಂದು ಮನೆಗೆ ಯಾಕೆ ಬಂದ್ರಿ?"

ಬೀಗದಣ್ಣನ ನಾಲಿಗೆಗೆ ಅವನದೇ ಬೀಗ ಬಿದ್ದುಕೊಂಡಿತು. ಮೇಷ್ಟ್ರು, ಸಂಘ, ಬಸ್ಸು ಹತ್ತಲು ಸಿದ್ಧವಾಗಿರುವ ಪರಊರಿನವರು ಎಲ್ಲರೂ ಕಣ್ಮುಂದೆ ಬಂದರು. "ತಪ್ಪಾಯ್ತು ಅತ್ತೆ. ಆವತ್ತು ಬೀಗ ಗಟ್ಟಿ ಅನ್ನೋ ಬದಲು ತಪ್ಪಾಯ್ತು ಅನ್ಬೇಕಿತ್ತು. ಎರಡು ದಿನ ಹಾಲ್ ಕೊಡಿ."

ಅತ್ತೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮೊದ್ಲು ಬಚ್ಚಲಿನ ಬೀಗ ಕಿತ್ತು ಬಿಸಾಕಿ, ಮೂರು ವರ್ಷದಿಂದ ಬಾಗಿಲಿಗೆ ಕಲ್ಲು ಅಡ್ಡ ಇಟ್ಟು ಸ್ನಾನ ಮಾಡ್ತಿದ್ದೀನಿ. ಆಮೇಲೆ ಮೇಜಿನ ಧೂಳು ಹೊಡೀರಿ."

ಬೀಗ ಹೋಯಿತು, ಜೊತೆಗೆ ಚಿಲಕವೂ ಕಿತ್ತುಬಂತು. ಪಂದ್ಯದ ಎರಡು ದಿನವೂ ಬಚ್ಚಲೊಳಗೆ ಹೋದವರು ಎಡೆಬಿಡದೆ ಕೆಮ್ಮುತ್ತಿದ್ದರು ಎಂಬುದೊಂದನ್ನು ಬಿಟ್ಟರೆ ಯಾರಿಗೂ ತೊಂದರೆಯಾಗಲಿಲ್ಲ.

ಶನಿವಾರ ಹಾಲ್ ತುಂಬಿತು. ಗಲಾಟೆಗೆ ಹೆದರಿ ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದ ಅತ್ತೆ, ಸ್ವಲ್ಪ ಹೊತ್ತಿನ ಮೇಲೆ ಹತ್ತಿ ತೆಗೆದು ಬಾಗಿಲಲ್ಲಿ ಇಣುಕಿದರು. ಅಷ್ಟು ಜನ ತಲೆ ಮೇಲೆ ಕೈಹೊತ್ತು ಕೂತಿದ್ದಾರೆ. ಪಿಟ್ ಎನ್ನುವವರಿಲ್ಲ.

"ಏನಾಗಿದ್ಯೇ ಇವರಿಗೆ?" ಎಂದು ಮಗಳನ್ನು ಪಿಸುದನಿಯಲ್ಲಿ ಕೇಳಿದರು.

"ಯೋಚನೆ ಮಾಡ್ತಿದ್ದಾರಮ್ಮ."

"ಗಂಡಸರು?"

ಅತ್ತೆಗೆ ನಂಬಿಕೆಯೇ ಬರಲಿಲ್ಲ. ಒಂದು ಕುರ್ಚಿ ತರಿಸಿಕೊಂಡು ಎರಡು ದಿನವೂ ಕೂತು ಆ ಪವಾಡವನ್ನು ಕಣ್ತುಂಬ ನೋಡಿದರು. ಬೀಗದಣ್ಣ ಮೊದಲ ಸುತ್ತುಗಳಲ್ಲೇ ಸೋತು ಕುರ್ಚಿ ಜೋಡಿಸುವ ಖಾತೆಗೆ ವರ್ಗವಾದ. ಆದರೂ ಅವನ ಮುಖ ಅರಳಿತ್ತು. ಸಂಘ ಉಳಿದಿತ್ತು, ಪಂದ್ಯ ನಡೆದಿತ್ತು, ಅತ್ತೆ ತಾವಾಗಿ ಅವನ ಕೈಗೆ ಟೀ ಲೋಟ ಕೊಟ್ಟಿದ್ದರು.

ಭಾನುವಾರ ಸಾಯಂಕಾಲ ಕಪ್ ಕೊಟ್ಟ ಮೇಲೆ ಅತ್ತೆ ಎದ್ದು ನಿಂತರು. "ಇನ್ಮೇಲೆ ನೀವು ಜಾಗಕ್ಕೆ ಅಲೀಬೇಡಿ. ಪ್ರತಿ ಭಾನುವಾರ ಇಲ್ಲೇ ಬಂದು ಆಡಿ. ಒಂದೇ ಮಾತು. ಎಲ್ಲರಿಗಿಂತ ಮುಂಚೆ ಬಂದು ಕಸ ಗುಡಿಸಿ, ಎಲ್ಲರೂ ಹೋದ್ಮೇಲೆ ಲೋಟ ತೊಳೆದಿಟ್ಟು ಹೋಗೋ ಕೆಲಸ ನಮ್ಮ ಅಳಿಯಂದ್ರದು."

"ಒಪ್ಪಿದೋರು ಕೈ ಎತ್ತಿ," ಎಂದರು ಮೇಷ್ಟ್ರು.

ಹಾಲಿನ ತುಂಬ ಕೈಗಳು ಎದ್ದವು. ಬೀಗದಣ್ಣನ ಹೆಂಡತಿ ಎರಡೂ ಕೈ ಎತ್ತಿದ್ದಳು.

"ಲೇ, ನೀನು ಸಂಘದಲ್ಲೇ ಇಲ್ಲ!"

"ಸಂಘದೋರಿಗೆ ಒಂದೇ ಕೈ ಅಂತ ನಿಯಮ ರೀ. ಹೊರಗಿನೋರು ಎಷ್ಟು ಬೇಕಾದ್ರೂ ಎತ್ತಬಹುದು."

"ಸರಿ, ವಿರೋಧ..." ಎಂದ ಮೇಷ್ಟ್ರು ಇನ್ನೂ ಮಾತು ಮುಗಿಸಿರಲಿಲ್ಲ. ತಡವಾದರೆ ಕೆಟ್ಟೆ ಎಂದುಕೊಂಡ ಬೀಗದಣ್ಣ ಗಡಿಬಿಡಿಯಲ್ಲಿ ಕೈ ಎತ್ತಿಯೇಬಿಟ್ಟ. ಎತ್ತಿದ ಕೈಯಲ್ಲಿ ಪೊರಕೆ! ಅತ್ತೆ ಯಾವ ಮಾಯದಲ್ಲಿ ಅದನ್ನು ಕೊಟ್ಟಿದ್ದರೋ!

"ನೋಡಿ, ನೋಡಿ!" ಮೇಷ್ಟ್ರು ಚಪ್ಪಾಳೆ ತಟ್ಟಿದರು. "ನಮ್ಮ ಕಾರ್ಯದರ್ಶಿಗಳು ಪೊರಕೆ ಸಮೇತ ಒಪ್ಪಿದ್ದಾರೆ!"