ಮಷೀನಿಗೆ ತಿಳಿಯಬಾರದ ಅಕ್ಷರ

ಒಬ್ಬೊಬ್ಬರಿಗೆ ಒಂದೊಂದು ಸೊಕ್ಕು ಇರುತ್ತದೆ. ಕೆಲವರಿಗೆ ಹೊಲದ್ದು, ಕೆಲವರಿಗೆ ಮೀಸೆಯದು, ನನ್ನ ಹೆಂಡತಿಗೆ ತಾನು ಬಡಿಯುವ ರೊಟ್ಟಿಯದು. ನನ್ನದು ಅಕ್ಷರದ ಸೊಕ್ಕು. ಇಂಡಿಯಿಂದ ಸಿಂದಗಿಗೆ ಹೋಗುವವರು ಬಸ್ಸಿನ ಕಿಟಕಿಯಲ್ಲಿ ಕೂತು ಗೋಡೆಗಳ ಮೇಲಿನ ಸಿಮೆಂಟು, ಬೀಜ, ಗೊಬ್ಬರದ ಜಾಹೀರಾತು ಓದುತ್ತಾರಲ್ಲ, ಅವು ಹೆಚ್ಚಿನವು ನನ್ನ ಕುಂಚದವು. ಬಸ್ಸು ಎಷ್ಟೇ ಜೋರಾಗಿ ಓಡಲಿ, ಕೂತವನಿಗೆ ಕೊನೆಯ ಅಕ್ಷರದವರೆಗೆ ಓದಿಸಿಯೇ ಕಳಿಸಬೇಕು ಎಂಬುದು ನನ್ನ ಹಟ. ನಮ್ಮ ರಸ್ತೆಗಳಲ್ಲಿ ಬಸ್ಸು ಜೋರಾಗಿ ಓಡುವುದಿಲ್ಲ ಎಂಬುದು ಬೇರೆ ಮಾತು. "ಛಾಪಿಸಿದಂಗ ಬರೀತಾನ" ಎಂದು ಜನ ಅನ್ನುವಾಗ ನಾನು ಕೇಳಿಸದವನಂತೆ ಬಣ್ಣ ಕಲಸುತ್ತ ನಿಲ್ಲುತ್ತಿದ್ದೆ. ಇನ್ನೊಮ್ಮೆ ಅನ್ನಲಿ ಎಂಬ ಆಸೆಯಿಂದ.

ಅಂಥ ನನಗೆ ಅಕ್ಷರ ಕೆಡಿಸಿ ಬರೆಯುವ ಕೆಲಸ ಬಂತು.

ಬಿಜಾಪುರಕ್ಕೆ ಫ್ಲೆಕ್ಸ್ ಮಷೀನು ಬಂದು ನಮ್ಮಂಥ ಪೇಂಟರುಗಳ ಕೆಲಸ ತೆಳ್ಳಗಾಗುತ್ತಿದ್ದ ಕಾಲ. ಒಣದ್ರಾಕ್ಷಿ ವ್ಯಾಪಾರದ ಗುರಪ್ಪ ಸಾವಕಾರರು ಹೊಸ ಗೋದಾಮು ಕಟ್ಟಿಸಿದ್ದರು. ಅದರ ಉದ್ದನೆಯ ಗೋಡೆ ಬರೆಯುವುದು ನನಗೇ ಎಂದು ಮಾತಾಗಿತ್ತು. ಆ ವರ್ಷದ ನನ್ನ ದೊಡ್ಡ ಕೆಲಸವೆಂದರೆ ಅದೊಂದೇ. ಅಷ್ಟರಲ್ಲಿ ಸಾವಕಾರರು ವೆಬ್‌ಸೈಟನ್ನೂ ಮಾಡಿಸಿದರು. ಮಾಡಿಕೊಟ್ಟವನು ಬಸ್‌ಸ್ಟ್ಯಾಂಡಿನ ಹತ್ತಿರ ಇಂಟರ್‌ನೆಟ್ ಸೆಂಟರ್ ನಡೆಸುವ ರಫೀಕ. ವೆಬ್‌ಸೈಟಿನಲ್ಲಿ ಈಮೇಲ್ ವಿಳಾಸ ಹಾಕಿದ್ದೇ ತಡ, ಬೇಡದ ಕಾಗದಗಳು ಮಿಡತೆಯಂತೆ ಬಂದು ಮುತ್ತಿದವು. ಅವುಗಳ ನಡುವೆ ಸೊಲ್ಲಾಪುರದ ವ್ಯಾಪಾರಿಯೊಬ್ಬರು ದರ ಕೇಳಿ ಬರೆದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಅವರು ಬೇರೆ ಕಡೆ ಮಾಲು ಕೊಂಡರು.

ಸಾವಕಾರರಿಗೆ ಅದಕ್ಕಿಂತ ಹೆಚ್ಚು ಉರಿದದ್ದು ಇನ್ನೊಂದಕ್ಕೆ. "ದಿನಾ ಮುಂಜಾನೆ ಕೂದಲಾ ಬೆಳಿಯು ಎಣ್ಣಿ ಬೇಕೇನಂತ ಕೇಳತಾರ," ಎಂದು ಬೋಳುತಲೆ ಸವರಿಕೊಂಡರು. "ನನ್ನ ತಲಿ ಸುದ್ದಿ ಅವರಿಗಿ ಮುಟ್ಟಿಸಿದವ ಊರಾಗಿನವನ ಇರಬೇಕು."

"ಯಾರೂ ಅಲ್ರಿ ಸಾವಕಾರ್ರ, ಮಷೀನು," ಎಂದ ರಫೀಕ. "ಸುಗ್ಗಿ ಆದಮ್ಯಾಲ ಹೊಲದಾಗ ಉದುರಿದ ತೆನಿ, ಹಕ್ಕಲಾ ಆರಸ್ತಾರಲ್ರಿ, ಹಂಗ ವೆಬ್‌ಸೈಟಿಂದ ವೆಬ್‌ಸೈಟಿಗಿ ತಿರುಗಿ ವಿಳಾಸ ಆರಸ್ಕೋತಾವ."

ನನಗೆ ಕುತೂಹಲ ತಡೆಯಲಾಗಲಿಲ್ಲ. "ಕಣ್ಣಿಲ್ದ ಹೆಂಗ ಓದತಾವೋ? ಕನ್ನಡಾನೂ ಬರತೈತೇನು? ಓದಿ ಓದಿ ಬ್ಯಾಸರಾಗಂಗಿಲ್ಲೇನು?" ಎಂದೆಲ್ಲ ಕೇಳಿದೆ. ಬೇಸರವಿಲ್ಲದೆ ಹಗಲೂ ರಾತ್ರಿ ಓದುವವರು ಎಲ್ಲೋ ಇದ್ದಾರೆಂಬ ಮಾತೇ ನನಗೆ ರೋಮಾಂಚನ. ನನ್ನ ಗೋಡೆಗಳನ್ನು ಅವು ಓದಿರಬಹುದೇ ಎಂಬ ವಿಚಾರವೂ ಬಂತು.

ರಫೀಕನ ಉಪಾಯ ಇಷ್ಟು: ಹೊಸ ವಿಳಾಸ ಮಾಡುವುದು, ಮಷೀನಿಗೆ ಸಿಗದ ಹಾಗೆ ಅದನ್ನು ಟೈಪ್ ಮಾಡದೆ ಕೈಯಿಂದ ಬರೆಸಿ ಚಿತ್ರವಾಗಿ ಅಂಟಿಸುವುದು. "ನಮ್ಮ ಶಿವಪ್ಪನೇ ಬರೀಲಿ," ಎಂದರು ಸಾವಕಾರರು. ನಾನು ಇಂಗ್ಲಿಷ್ ಅಕ್ಷರಗಳನ್ನು ಮುತ್ತು ಪೋಣಿಸಿದಂತೆ ಬರೆದುಕೊಟ್ಟೆ. ಪರೀಕ್ಷೆಗೆಂದು ರಫೀಕ ಹಾಳೆಯನ್ನು ಸ್ಕ್ಯಾನರಿಗೆ ಹಾಕಿ ಏನೋ ಒತ್ತಿದ. ಪರದೆಯ ಮೇಲೆ ಒಂದು ಅಕ್ಷರವೂ ತಪ್ಪದೆ ವಿಳಾಸ ಮೂಡಿತು. ನನ್ನ ಎದೆ ಉಬ್ಬಿತು. ರಫೀಕ ತಲೆಯ ಮೇಲೆ ಕೈ ಇಟ್ಟುಕೊಂಡ.

"ಭಾಳ ಚಲೋ ಬರದೀರಿ ಕಾಕಾ, ಅದೇ ತ್ರಾಸು. ಈಗ ಚಿತ್ರಾನೂ ಓದು ಮಷೀನು ಬಂದಾವ. ಒಂಚೂರು ಕೆಡಿಸಿ ಬರೀರಿ. ಮನಷ್ಯಾಗ ತಿಳೀಬೇಕು, ಮಷೀನಿಗಿ ತಿಳೀಬಾರ್ದು."

"ಆಗಂಗಿಲ್ಲಂದ್ರ ಈಗ ಹೇಳಿಬಿಡು," ಎಂದರು ಸಾವಕಾರರು. "ಇದನ್ನೂ ಗೋದಾಮಿನ ಗ್ವಾಡಿನೂ ಕೂಡೇ ಬಿಜಾಪುರದವರಿಗಿ ಕೊಡತೇನಿ."

ಮನೆಗೆ ಬಂದು ವಾರೆಯಾಗಿ ಬರೆದೆ. ಎಲ್ಲ ಅಕ್ಷರಗಳೂ ಒಂದೇ ಸಮ ವಾರೆಯಾದವು, ಗಾಳಿಗೆ ಬಾಗಿದ ಜೋಳದ ಹಾಗೆ. ರಫೀಕನ ಸೆಂಟರಿಗೆ ಒಯ್ದರೆ ಸ್ಕ್ಯಾನರು ಓದಿತು. ಎಡಗೈಯಿಂದ ಬರೆದೆ. ಬಲಗೈ ಮಾಡುವುದನ್ನು ಅದು ಇಷ್ಟು ವರ್ಷ ನೋಡಿಕೊಂಡು ಕೂತಿತ್ತೇನೋ, ಆ ಬರಹವನ್ನೂ ಸ್ಕ್ಯಾನರು ಓದಿತು. ಸಿಟ್ಟಿನಲ್ಲಿ ಕಣ್ಣು ಮುಚ್ಚಿ ಗೀಚಿದೆ. ಈ ಸಲ ಮಷೀನು ಸೋತಿತು, ಜೊತೆಗೆ ಸಾವಕಾರರೂ ಸೋತರು. "ನನ್ನ ವಿಳಾಸ ನನಗ ಓದಾಕ ಬರವಲ್ದು," ಎಂದು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ನಿಜ ಹೇಳಬೇಕೆಂದರೆ, ಸ್ಕ್ಯಾನರು ಓದಿದಾಗಲೆಲ್ಲ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಕೆಲಸ ಕೈಬಿಟ್ಟು ಹೋಗುತ್ತಿದೆ ಎಂದು ತಿಳಿದೂ ಖುಷಿಪಡುವ ದಡ್ಡನನ್ನು ನೀವು ಬೇರೆಲ್ಲೂ ನೋಡಿರಲಿಕ್ಕಿಲ್ಲ.

ಮರುದಿನ ಹೊರ್ತಿ ಊರಿನ ಒಂದು ಅಂಗಡಿಗೆ ಬೋರ್ಡು ಬರೆಯುವುದಿತ್ತು. ಟೆಂಪೋದಲ್ಲಿ ಕೂತು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಇನ್ನೊಮ್ಮೆ ಬರೆಯತೊಡಗಿದೆ, ಈ ಸಲ ಪೂರಾ ಶ್ರದ್ಧೆಯಿಂದ, ನೆಟ್ಟಗೆ; ಕೆಡಿಸುವ ಕೆಲಸ ರಸ್ತೆಗೆ ಬಿಟ್ಟೆ. ಒಂದು ಅಕ್ಷರ ಸರಿಯಾಗಿ ಕೂರಿಸುವಷ್ಟರಲ್ಲಿ ತಗ್ಗು ಬಂದು ಅದರ ಬಾಲ ಹಾರುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ಬಗ್ಗಿ ನೋಡಿದಳು. "ಇಷ್ಟು ಅವಸರದಾಗ ಯಾರಿಗಿ ಬರ್ಯಾಕತ್ತೀರಿ ಅಣ್ಣಾ?"

"ಮಷೀನಿಗಿ ತಿಳೀಬಾರ್ದಂಗ ಬರ್ಯಾಕತ್ತೇನಿ ತಂಗಿ."

"ನಮ್ಮ ಮನಿಯವರ ಕೈಲೆ ಬರಸ್ರಿ. ಅವರು ಬರದದ್ದು ಅವರಿಗೂ ತಿಳಿಯಂಗಿಲ್ಲ." ಟೆಂಪೋದವರೆಲ್ಲ ನಕ್ಕರು. ಇನ್ನೊಂದು ತಗ್ಗು ಬಂತು.

ಸಂಜೆ ಆ ಹಾಳೆಯನ್ನು ಸ್ಕ್ಯಾನರಿಗೆ ಹಾಕಿದಾಗ ಪರದೆಯ ಮೇಲೆ ಬರೀ ಚುಕ್ಕೆ, ಗೆರೆ, ಅರ್ಥವಿಲ್ಲದ ಗೊಂದಲ. ಸಾವಕಾರರು ಮಾತ್ರ ಕನ್ನಡಕ ಏರಿಸಿಕೊಂಡು ಅಕ್ಷರ ಅಕ್ಷರ ಬಿಡದೆ ಓದಿದರು. ಗೋದಾಮಿನ ಗೋಡೆ ನನಗೆ ಉಳಿಯಿತು.

ಕೆಲವು ದಿನಗಳ ಮೇಲೆ ನಾನು ಆ ಗೋಡೆಗೆ ಸುಣ್ಣ ಬಳಿಯುತ್ತ, ಸಾವಕಾರರು ಕೆಳಗೆ ನಿಂತು ನೋಡುತ್ತ ಇದ್ದಾಗ ರಫೀಕ ಓಡಿಬಂದ. ಸೊಲ್ಲಾಪುರದ ಅದೇ ವ್ಯಾಪಾರಿ ಹೊಸ ವಿಳಾಸಕ್ಕೆ ಬರೆದಿದ್ದರು. ರಫೀಕ ಅದನ್ನು ಕನ್ನಡ ಮಾಡಿ ಹೇಳಿದ. ಮಾಲು ಬೇಕಾಗಿತ್ತು, ದರ ಕೇಳಿದ್ದರು. ಕೊನೆಯಲ್ಲಿ ಒಂದು ಸಾಲು: ವೆಬ್‌ಸೈಟಿನಲ್ಲಿ ವಿಳಾಸ ಬರೆದವನು ನಿಮ್ಮ ಮೊಮ್ಮಗ ಇರಬೇಕು, ಮಗು ಜಾಣನಿದ್ದಾನೆ, ಏನೇ ಆಗಲಿ ಸಾಲಿ ಮಾತ್ರ ಬಿಡಿಸಬೇಡಿರಿ.

ನಾನು ಆರನೆಯ ಇಯತ್ತೆಯಲ್ಲಿ ಶಾಲೆ ಬಿಟ್ಟು, ಪಾಟಿ ಇಟ್ಟು ಬಣ್ಣದ ಡಬ್ಬಿ ಹಿಡಿದಾಗ ಈ ಮಾತನ್ನು ಒಬ್ಬರೂ ಅಂದಿರಲಿಲ್ಲ.

ಸಾವಕಾರರು ನಗು ತಡೆದುಕೊಂಡು ನನ್ನ ಕಡೆ ನೋಡಿದರು. "ಏನಂತ ಉತ್ತರಾ ಬರಸ್ಲೋ ಶಿವಪ್ಪಾ?"

ನಾನು ಏಣಿಯ ಮೇಲೆಯೇ ನಿಂತು, ಸುಣ್ಣ ಮೆತ್ತಿದ ಮೀಸೆ ಒರೆಸಿಕೊಂಡೆ. "ಹುಡುಗಗ ಐವತ್ತು ದಾಟ್ಯಾವು, ಈಗೀಗ ಅಕ್ಷರಾ ತಿದ್ದಾಕತ್ತಾನ ಅಂತ ಬರಸ್ರಿ," ಎಂದೆ.