ನಾಲ್ಕು ಹಿತ್ತಾಳೆ ಸ್ಟ್ಯಾಂಡು, ಆರು ಮೊಟ್ಟೆ

ನನ್ನ ಹೆಂಡತಿ ಗುನ್ವೋರ್ ನನ್ನನ್ನು ಏಕವಚನದಲ್ಲೇ ಕರೆಯುವವಳು. ಅವಳ ಬಾಯಲ್ಲಿ ‘ಮೇಷ್ಟ್ರೇ’ ಎಂದು ಬಂದರೆ ಗಂಡಾಂತರ ಕಾದಿದೆ ಎಂದೇ ಅರ್ಥ.

“ಮೇಷ್ಟ್ರೇ, ಏನಿದು ನೀವು ಮಾಡಿರೋ ಘನಕಾರ್ಯ?”

ನಾನು ಮಾಡಿದ್ದು ಇಷ್ಟೇ. ಅತ್ತೆ ಹಿಲ್ಮಾ ನಮ್ಮ ಮದುವೆಗೆ ಕೊಟ್ಟಿದ್ದ, ಅವರ ಅಜ್ಜಿಯ ಕಾಲದ ನಾಲ್ಕು ಹಿತ್ತಾಳೆ ಮೇಣದಬತ್ತಿ ಸ್ಟ್ಯಾಂಡುಗಳನ್ನು ಆ ಶನಿವಾರ ಥಳಥಳ ಹೊಳೆಯುವಂತೆ ಉಜ್ಜಿಟ್ಟಿದ್ದೆ. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ವಾರಕ್ಕೊಂದರಂತೆ ಬತ್ತಿ ಹಚ್ಚುತ್ತಾ ಹೋಗುತ್ತೇವಷ್ಟೆ. ಮೊದಲನೆಯದನ್ನು ಹಚ್ಚಲು ಅತ್ತೆ ಮರುದಿನವೇ ಬರುವವರಿದ್ದರು.

“ಹಿತ್ತಾಳೆಯ ಕಪ್ಪನ್ನ ಮುಟ್ಟಬೇಡಿ, ಅದೇ ಅದರ ಜೀವ ಅಂತ ಟೀವಿಯಲ್ಲಿ ಬಡ್ಕೋತಾರೆ! ನೂರು ವರ್ಷದ ಕಪ್ಪು! ಅಮ್ಮ ನೋಡಿದ್ರೆ ಎದೆ ಒಡ್ಕೋತಾಳೆ. ತೊಂಬತ್ತೊಂದು ವರ್ಷ ಅವಳಿಗೆ!”

“ನೂರು ವರ್ಷದ ಕೊಳೆ ಅನ್ನು,” ಎಂದೆ. (ಅನ್ನಬಾರದಿತ್ತು.)

“ನಾಳೆಯೊಳಗೆ ಮೊದಲಿನ ಹಾಗೇ ಆಗ್ಬೇಕು. ರಸಾಯನಶಾಸ್ತ್ರದ ಮೇಷ್ಟ್ರಲ್ವಾ ನೀವು?”

ಮೂವತ್ತೈದು ವರ್ಷ ಪಾಠ ಹೇಳಿದ ಮಹಾಪಂಡಿತನ ಸ್ವಾಭಿಮಾನ ಕೆರಳಿತು. ಮೊಟ್ಟೆಯಲ್ಲಿ ಗಂಧಕವಿದೆ, ಗಂಧಕವು ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ಆರು ಮೊಟ್ಟೆ ಬೇಯಿಸಿ, ಎರಡೆರಡು ಹೋಳು ಮಾಡಿ, ಸ್ಟ್ಯಾಂಡುಗಳೊಂದಿಗೆ ದೊಡ್ಡ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದೆ. ಬೆಳಗ್ಗೆ ತೆಗೆದರೆ, ಒಲೆಯೊಳಗಿಂದ ಎತ್ತಿದಂತೆ ಕರ್ರಗಿದ್ದವು! ಗುನ್ವೋರಳ ಕೇಸರಿ ಬನ್ನುಗಳ ಪರಿಮಳವು ಆ ವಾಸನೆಯೆದುರು ಶರಣಾಯಿತು. ಅವಳು ಮೂಗು ಮುಚ್ಚಿಕೊಂಡೇ, “ಜಾಣ ಕಣೋ ನೀನು,” ಎಂದಳು. ಏಕವಚನ ಮರಳಿತ್ತು.

ಚಳಿಗಾಲದಲ್ಲಿ ನಮ್ಮ ಉತ್ತರದ ಊರು ಹುಡಿಕ್ಸ್‌ವಾಲಿನ ಸೂರ್ಯ ಶಾಲೆಯ ಮಕ್ಕಳಿಗಿಂತ ಮೊದಲೇ ಮನೆಗೆ ಹೋಗಿಬಿಡುತ್ತಾನೆ. ಮಧ್ಯಾಹ್ನ ಮೂರು ಗಂಟೆಯ ಕತ್ತಲಲ್ಲಿ ಅತ್ತೆ ಬಂದು, ಹಿಮ ಕೊಡವಿ, ಬೂಟು ಕಳಚಿ, ಸ್ಟ್ಯಾಂಡುಗಳನ್ನು ನೋಡಿ ನಿಟ್ಟುಸಿರುಬಿಟ್ಟರು.

“ಈ ವರ್ಷವೂ ಇದೇ ಗತಿ.”

“ಏನಮ್ಮಾ?”

“ನಲವತ್ತು ವರ್ಷದಿಂದ ಬಂದಾಗಲೆಲ್ಲ ‘ಎಷ್ಟು ಕತ್ತಲೆ ನಿಮ್ಮನೇಲಿ’ ಅಂತೀನಿ. ಬಲ್ಬು ಬದಲಾಯಿಸ್ತೀರೇ ಹೊರತು ಒಂದಿನ ಇವನ್ನ ಉಜ್ಜಿದ್ರಾ? ನಮ್ಮಜ್ಜಿ ಮುಖ ಕಾಣೋ ಹಾಗೆ ಉಜ್ಜೋರು. ಹಿತ್ತಾಳೆ ಹೊಳೆದ್ರೆ ಒಂದು ಬತ್ತಿ ಎರಡಾಗತ್ತೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಗುನ್ವೋರ್ ಕಾಲು ತುಳಿದಳು.

“ನಾನೂ ಅದನ್ನೇ ಬಡ್ಕೋತೀನಮ್ಮಾ. ಈ ಮೇಷ್ಟ್ರಿಗೆ ಸೋಮಾರಿತನ!”

ಅತ್ತೆ ಕೈಚೀಲದಿಂದ ಪಾಲಿಶ್ ಡಬ್ಬಿಯನ್ನೂ ಬಟ್ಟೆಯನ್ನೂ ತೆಗೆದರು. “ಅಳಿಯಂದ್ರೇ, ಇವತ್ತು ಒಂದೇ ಬತ್ತಿ, ಒಂದನ್ನೇ ಉಜ್ಜಿ. ಮಿಕ್ಕಿದ್ದು ವಾರಕ್ಕೊಂದು. ನಾನೇ ಬಂದು ನೋಡ್ತೀನಿ. ಅದಿರ್ಲಿ, ಏನಿದು ವಾಸನೆ?”

“ಬೇಯಿಸಿದ ಮೊಟ್ಟೆ ಅಮ್ಮಾ. ಅದಂದ್ರೆ ಇವನಿಗೆ ಪ್ರಾಣ,” ಎಂದಳು ಗುನ್ವೋರ್.

ಕಪ್ಪು ಸುಲಭಕ್ಕೆ ಬಿಡಲಿಲ್ಲ (ನನ್ನ ವಿದ್ಯೆ ಅಷ್ಟು ಗಟ್ಟಿ). ಕಾಫಿ ಎರಡು ಸಲ ಬಿಸಿಯಾದ ಮೇಲೆ ಅತ್ತೆ ಬತ್ತಿ ಹಚ್ಚಿದರು. ಹಿತ್ತಾಳೆಯ ಬುಡದಲ್ಲಿ ಇನ್ನೊಂದು ಪುಟ್ಟ ಜ್ವಾಲೆ ಕಂಡಿತು. ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಆ ಬೆಳಕಿನಲ್ಲಿ ಅತ್ತೆಯ ಮುಖ ಶಾಲೆಯ ಹುಡುಗಿಯ ಮುಖದಂತಿತ್ತು.

“ಹೂಂ, ಇದೇ ಬೆಳಕು,” ಎಂದರು ಮೆಲ್ಲಗೆ.

ರಟ್ಟೆಯ ನೋವೂ ಹಿತವೆನ್ನಿಸಿತು. ತೃಪ್ತಿಯಿಂದ ಕೇಸರಿ ಬನ್ನಿಗೆ ಕೈ ಚಾಚಿದೆ. ಅತ್ತೆ ತಟ್ಟೆಯನ್ನು ಅತ್ತ ಸರಿಸಿ, ಡಬ್ಬಿಯಿಂದ ತೆಗೆದಿಟ್ಟಿದ್ದ ಹನ್ನೆರಡು ಹೋಳು ಮೊಟ್ಟೆಯ ಬಟ್ಟಲನ್ನು ಅಕ್ಕರೆಯಿಂದ ನನ್ನ ಮುಂದೆ ತಳ್ಳಿದರು.

“ಮೊಟ್ಟೆ ಅಂದ್ರೆ ನಿಮಗೆ ಪ್ರಾಣ ಅಂತಲ್ವಾ, ಸಂಕೋಚ ಮಾಡ್ಕೋಬೇಡಿ.”